ಹದಿನಾರು ಬೀಗಗಳು

ಕಾಟನ್‌ಪೇಟೆಯಲ್ಲಿ ನಮ್ಮದೊಂದು ಬೀಗದ ಅಂಗಡಿ ಇದೆ. ಅಂಗಡಿ ಎಂದರೆ ಎರಡು ಹಾರ್ಡ್‌ವೇರ್ ಮಳಿಗೆಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಎದ್ದು ನಿಂತರೆ ಮೇಲೆ ನೇತುಹಾಕಿದ ಬೀಗಗಳು ತಲೆಗೆ ತಾಗುತ್ತವೆ. ಅಪ್ಪ ಅಲ್ಲಿ ಮೂವತ್ತು ವರ್ಷ ಕೂತರು. ಅವರು ಎದ್ದ ಜಾಗದಲ್ಲಿ ನಾನು ಕೂತು ಹದಿನೆಂಟು ವರ್ಷವಾಯಿತು. ಮನೆ ಚಾಮರಾಜಪೇಟೆಯಲ್ಲಿ, ನಡೆದೇ ಬರುತ್ತೇನೆ.

ಬೀಗದವನೆಂದರೆ ಜನ ಮನೆಯ ಬಾಗಿಲು, ಗಾಡ್ರೇಜು ಎಂದುಕೊಳ್ಳುತ್ತಾರೆ. ಈಗ ನನ್ನ ಅನ್ನ ಹೆಚ್ಚಾಗಿ ಗಾಡಿಗಳಿಂದ. ಕೆಟ್ಟು ನಿಂತ ಕಾರುಗಳನ್ನು ಎತ್ತಿಕೊಂಡು ಹೋಗುವ ಟೋಯಿಂಗ್ ಗಾಡಿಗಳ ಪಕ್ಕೆಯಲ್ಲಿ ಕಬ್ಬಿಣದ ಬಾಕ್ಸ್ ಇರುತ್ತದಲ್ಲ, ಸರಪಳಿ, ಕೊಕ್ಕೆ, ಬೆಲ್ಟು ಇಡುವ ಬಾಕ್ಸ್, ಅದಕ್ಕೆ ಬೀಗ ಕೂರಿಸುವುದು ನನ್ನ ಕೆಲಸ. ಈಚೆಗೆ ಮಲಗುವ ಹಾಸಿಗೆ, ಒಲೆ ಎಲ್ಲ ಇರುವ ಕ್ಯಾರವಾನ್‌ಗಳೂ ಬರುತ್ತವೆ. ಅವುಗಳ ಹೊಟ್ಟೆಯಲ್ಲೂ ಇಂಥದ್ದೇ ಸಣ್ಣ ಬಾಗಿಲುಗಳು. ಮಳೆ ನೀರು ಹೊಕ್ಕು, ಧೂಳು ಕೂತು, ಈ ಬೀಗಗಳು ಎರಡು ವರ್ಷಕ್ಕೆ ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ. ನನಗೆ ಅದರಿಂದ ಬೇಸರವಿಲ್ಲ.

ಅಪ್ಪನಿಗೆ ಒಂದು ಪದ್ಧತಿಯಿತ್ತು. ಹೊಸ ಬೀಗ ಕೂರಿಸಿದ ಮೇಲೆ ಅದರ ಕೀಲಿಕೈಯನ್ನು ಪಕ್ಕಕ್ಕಿಟ್ಟು, ಹತ್ತಿರವಿದ್ದ ಬೇರೆ ಬೀಗಗಳ ಕೈಗಳನ್ನೆಲ್ಲ ಒಂದೊಂದಾಗಿ ಹಾಕಿ ತಿರುಗಿಸಿ ನೋಡುತ್ತಿದ್ದರು. ಯಾವುದೂ ತಿರುಗಲಿಲ್ಲವೆಂದಾದ ಮೇಲೆಯೇ ಅದರದೇ ಕೈ. ಗಿರಾಕಿ ಕಾಯುತ್ತ ನಿಂತಿರುವಾಗ ಇದೇನು ಪೂಜೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಅಂಗಡಿ ನನ್ನ ಕೈಗೆ ಬಂದ ಮೇಲೆ ನಾನು ಮೊದಲು ಬಿಟ್ಟದ್ದು ಅದನ್ನೇ.

ಹೋದ ವರ್ಷ ಆಯುಧಪೂಜೆಗೆ ಎರಡು ದಿನ ಇರುವಾಗ ಎಂಟು ಟೋಯಿಂಗ್ ಗಾಡಿಗಳ ಓನರ್ ಒಬ್ಬರು ಹೇಳಿಕಳಿಸಿದರು. ಚಾಮರಾಜಪೇಟೆಯ ಹಿಂಬದಿಯಲ್ಲಿ ಅವರ ಶೆಡ್. ಪ್ರತಿ ಗಾಡಿಗೆ ಎರಡು ಬಾಕ್ಸ್, ಒಟ್ಟು ಹದಿನಾರು ಬೀಗ, ಪೂಜೆಗೆ ಮೊದಲು ಎಲ್ಲ ಹೊಸದಾಗಬೇಕು. ನಾನು ಬಳೇಪೇಟೆಯ ಹೋಲ್‌ಸೇಲ್ ಅಂಗಡಿಯಿಂದ ಒಂದು ಡಬ್ಬಿ ಬೀಗ ತಂದೆ. ಒಳ್ಳೆಯ ಮಾಲು, ಹೊಳೆಯುವ ಸ್ಟೀಲು. ಒಂದೊಂದೂ ತನ್ನ ಪ್ಲಾಸ್ಟಿಕ್ ಕವರಿನಲ್ಲಿ ಎರಡೆರಡು ಕೈಗಳೊಂದಿಗೆ ಇತ್ತು. ಎಲ್ಲ ಕೈಗಳ ಮೇಲೂ ಒಂದೇ ನಂಬರು ಕೊರೆದಿತ್ತು. ಅದು ಕಂಪನಿಯ ಮಾಡೆಲ್ ನಂಬರು ಎಂದುಕೊಂಡೆ. ಇಷ್ಟು ವರ್ಷ ಈ ಕೆಲಸ ಮಾಡಿದವನು ಹಾಗೆ ಅಂದುಕೊಂಡದ್ದು ಹೇಗೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಎರಡು ದಿನ ನನಗೆ ಜೊತೆಯಾಗಿದ್ದವರು ಅಲ್ಲಿನ ಹಿರಿಯ ಡ್ರೈವರ್. ಓಕಳಿಪುರದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ಬಾಕ್ಸಿನೊಳಗೆ ಟಾರ್ಚ್ ಹಿಡಿದು ನಿಲ್ಲುವುದು, ತುಕ್ಕು ಹಿಡಿದ ಹಳೆ ಸ್ಕ್ರೂ ಬಿಚ್ಚಿಕೊಡುವುದು, ಎಲ್ಲ ಅವರೇ. ಮಾತು ಕಡಿಮೆ. ತಮ್ಮ ಗಾಡಿಯ ಬೀಗ ಕೂತ ಮೇಲೆ ಮೂರು ಸಲ ಹಾಕಿ ತೆಗೆದು, ತಲೆಯಾಡಿಸಿ, ಬೀಗದ ಕೈಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಒಂದು ಕೈ ಡ್ರೈವರ್ ಹತ್ತಿರ, ಇನ್ನೊಂದು ಓನರ್ ಮೇಜಿನ ಡ್ರಾಯರಿನಲ್ಲಿ, ಇದು ಶೆಡ್ಡಿನ ನಿಯಮ.

ಹಬ್ಬ ಮುಗಿದು ಒಂದು ತಿಂಗಳಾಗಿರಬಹುದು. ಬಸವನಗುಡಿಯಲ್ಲಿ ಒಬ್ಬ ಮೇಷ್ಟರಮ್ಮನ ಕಾರು ಕೆಟ್ಟು ನಿಂತಿತು. ಅಣ್ಣ ಹೋಗಿ ಎತ್ತಿಕೊಂಡು ಗ್ಯಾರೇಜಿಗೆ ಬಿಟ್ಟರು. ಇಳಿಸುವಾಗ ಸೀಟಿನ ಕೆಳಗೆ ಒಂದು ಬಟ್ಟೆಯ ಚೀಲ ಕಂಡಿತು. ಪಾಲಿಷ್‌ಗೆ ಕೊಟ್ಟು ತಂದ ಬೆಳ್ಳಿ ಪಂಚಪಾತ್ರೆ, ಉದ್ಧರಣೆ, ಕುಂಕುಮದ ಭರಣಿ, ಆಕೆಯ ತಾಯಿಯವು. ಆಟೋ ಹತ್ತುವ ಗಡಿಬಿಡಿಯಲ್ಲಿ ಮರೆತಿದ್ದರು. ಅಣ್ಣ ಅಲ್ಲಿಂದಲೇ ಫೋನ್ ಮಾಡಿದರು. ಗ್ಯಾರೇಜಿನಲ್ಲಿ ಬಿಡುವುದು ಬೇಡ, ನಿಮ್ಮಲ್ಲೇ ಇಟ್ಟಿರಿ, ಬೆಳಿಗ್ಗೆ ಶೆಡ್ಡಿಗೆ ಬರುತ್ತೇನೆ ಎಂದು ಆಕೆ ಹೇಳಿದರು. ಅಣ್ಣ ಆ ಚೀಲವನ್ನು ಬೆಲ್ಟುಗಳಿದ್ದ ಗೋಣಿಚೀಲದ ಮಧ್ಯಕ್ಕೆ ತುರುಕಿ, ಗೋಣಿಯನ್ನು ಬಾಕ್ಸಿನಲ್ಲಿಟ್ಟು, ಬೀಗ ಹಾಕಿ, ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮನೆಗೆ ಹೋದರು.

ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟರಮ್ಮನ ಎದುರಿಗೇ ಬೀಗ ತೆಗೆದರೆ ಗೋಣಿಯೂ ಇಲ್ಲ, ಚೀಲವೂ ಇಲ್ಲ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬೆಳಗಿನ ಜಾವಕ್ಕೇ ಕೆಲಸಕ್ಕೆ ಹೋಗಿದ್ದ ಪಕ್ಕದ ಗಾಡಿಯ ಡ್ರೈವರನ್ನು ಫೋನಿನಲ್ಲಿ ಕೇಳಿದ್ದಕ್ಕೆ, ನಾನು ನನ್ನ ಬಾಕ್ಸ್ ಬಿಟ್ಟು ಬೇರೆ ಏನನ್ನೂ ಮುಟ್ಟಿಲ್ಲ ಎಂದನಂತೆ. ಅವನಿಗೆ ಗೊತ್ತಿದ್ದ ಮಟ್ಟಿಗೆ ಅದು ನಿಜ.

ಓನರ್ ನನ್ನನ್ನು ಕರೆಸಿದರು. ನಾನು ಹೋದಾಗ ಮೇಷ್ಟರಮ್ಮ ಕುರ್ಚಿಯಲ್ಲಿ ಕೂತಿದ್ದರು, ಅಣ್ಣ ಗಾಡಿಯ ಪಕ್ಕ ನಿಂತಿದ್ದರು. ಬೇರೆ ಕೈ ಹಾಕಿ ಈ ಬೀಗ ತೆಗೆಯಲು ಸಾಧ್ಯವೇ ಎಂದು ಓನರ್ ಕೇಳಿದರು. ಯೋಚಿಸಿ ಹೇಳುತ್ತೇನೆ ಎನ್ನಬಹುದಿತ್ತು. ಶೆಡ್ಡಿನಲ್ಲಿದ್ದ ಪಕ್ಕದ ಯಾವುದಾದರೂ ಗಾಡಿಯ ಕೈ ಇಸಿದುಕೊಂಡು ಹಾಕಿ ನೋಡಬಹುದಿತ್ತು, ಎರಡು ಹೆಜ್ಜೆಯ ಕೆಲಸ. ನನ್ನ ಮಾಲಿನ ಮೇಲೆ ಅನುಮಾನ ಪಟ್ಟರಲ್ಲ ಎಂದು ನನಗೆ ಮೂಗಿನ ಮೇಲೆ ಕೋಪ.

"ನಾನು ಹಾಕಿರೋ ಬೀಗ ಸಾರ್ ಇದು," ಎಂದೆ. "ಇದರ ಕೈ ಬಿಟ್ಟು ಇನ್ಯಾವುದಕ್ಕೂ ತಿರುಗಲ್ಲ. ತೆಗೆದಿದ್ರೆ ಇದರ ಕೈಯಿಂದಲೇ ತೆಗೆದಿರೋದು."

ಓನರ್ ತಮ್ಮ ಡ್ರಾಯರಿಗೆ ತಾವೇ ಬೀಗ ಹಾಕಿಕೊಂಡು ಹೋಗಿದ್ದವರು. ಉಳಿದದ್ದು ಅಣ್ಣನ ಒಳಜೇಬಿನ ಕೈ. ಅಣ್ಣ ನನ್ನ ಮುಖ ನೋಡಿದರು. ಮೇಷ್ಟರಮ್ಮ ಪೊಲೀಸು ಬೇಡ, ಅಮ್ಮನ ವಸ್ತು ವಾಪಸ್ ಬಂದರೆ ಸಾಕು ಎಂದರು. ವಿಷಯ ಇತ್ಯರ್ಥವಾಗುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದು ಓನರ್ ಅಣ್ಣನಿಗೆ ಹೇಳಿದರು. ಅದು ಸೋಮವಾರ. ನಾನು ಅಂಗಡಿಗೆ ಬಂದು ಮಧ್ಯಾಹ್ನದ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಊಟ ಮಾಡಿದೆ.

ಅದೇ ವಾರ ಶನಿವಾರ, ಆ ಪಕ್ಕದ ಗಾಡಿಯ ಡ್ರೈವರ್ ಬಾಗಿದ ಬೀಗದ ಕೈಯೊಂದನ್ನು ತಂದು ಇಂಥದ್ದೇ ಇನ್ನೊಂದು ಮಾಡಿಕೊಡಿ ಎಂದ. ಮಾಡಿಕೊಟ್ಟೆ. ಕೊಡುವ ಮೊದಲು ಸರಿಯಾಗಿದೆಯೋ ನೋಡಬೇಕಲ್ಲ, ಅವನ ಗಾಡಿ ಶೆಡ್ಡಿನಲ್ಲಿತ್ತು. ಬಳೇಪೇಟೆಯ ಆ ಡಬ್ಬಿಯಲ್ಲಿ ಮಿಕ್ಕಿದ್ದ ಒಂದು ಬೀಗ ನನ್ನ ಕಾಲಬಳಿ ಬಿದ್ದಿತ್ತು. ಹಲ್ಲು ಸಲೀಸಾಗಿ ಒಳಗೆ ಹೋಗುತ್ತದೆಯೇ ಎಂದಷ್ಟೇ ನೋಡಲು ತೂರಿಸಿದೆ. ಅಭ್ಯಾಸಬಲದಿಂದ ಕೈ ತಿರುಗಿಸಿದೆ. ಬೀಗ ತೆರೆಯಿತು.

ಅವನು ಹೋದ ಮೇಲೆ ನಾನು ಆ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದರ ಸ್ವಂತ ಕೈಗಳನ್ನು ತೆಗೆದು ನೋಡಿದೆ. ಅದೇ ನಂಬರು, ಅದೇ ಹಲ್ಲು. ಇಡೀ ಡಬ್ಬಿ ಒಂದೇ ಅಚ್ಚಿನದು. ಹದಿನಾರು ಬೀಗಕ್ಕೂ ಒಂದೇ ಕೈ, ಶೆಡ್ಡಿನಲ್ಲಿ ಯಾರ ಜೇಬಿನಲ್ಲಿದ್ದ ಕೈಯಿಂದಲೂ ಯಾರ ಬಾಕ್ಸನ್ನಾದರೂ ತೆಗೆಯಬಹುದಿತ್ತು. ನನ್ನ ಮಾತಿನ ಮೇಲೆ ಒಬ್ಬ ಮನುಷ್ಯ ಕಳ್ಳನಾಗಿ ಮನೆಯಲ್ಲಿ ಕೂತಿದ್ದ.

ಆಗಲೇ ಅಂಗಡಿ ಮುಚ್ಚಿ ಹೋಗಬೇಕಿತ್ತು. ಶೆಡ್ಡಿಗೆ ಇಪ್ಪತ್ತು ನಿಮಿಷದ ನಡಿಗೆ. ನಾನು ಹೋಗಲಿಲ್ಲ. ಭಾನುವಾರ ಓನರ್ ಇರುವುದಿಲ್ಲ ಎಂದುಕೊಂಡೆ. ಸೋಮವಾರ ಕಲ್ಯಾಣಮಂಟಪವೊಂದರ ಕೆಲಸವಿತ್ತು. ಮಂಗಳವಾರ ಯಾಕೆ ಹೋಗಬಾರದು ಎಂಬುದಕ್ಕೆ ಕಾರಣ ಬೇಕಿಲ್ಲ, ಮಂಗಳವಾರ ಎಂಬುದೇ ಸಾಕು. ನಿಜ ಹೇಳಬೇಕೆಂದರೆ ಈ ದಿನಗಳಲ್ಲಿ ನಾನು ಬೇರೊಂದು ದಾರಿ ಹುಡುಕುತ್ತಿದ್ದೆ. ಉಚಿತ ಸರ್ವಿಸ್ ಎಂದು ಹೇಳಿ ಹೋಗಿ, ಹದಿನಾರೂ ಬೀಗ ಬದಲಾಯಿಸಿ ಬಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಬೀಗಗಳನ್ನೂ ತಂದಿಟ್ಟಿದ್ದೆ. ನಾಚಿಕೆಯಾಗುತ್ತದೆ, ಆದರೆ ತಂದಿಟ್ಟಿದ್ದೆ.

ಬುಧವಾರ ಬೆಳಿಗ್ಗೆ ಅವುಗಳನ್ನು ಚೀಲಕ್ಕೆ ಹಾಕಿಕೊಂಡೇ ಹೊರಟೆ. ಶೆಡ್ಡಿಗೆ ಹೋದಾಗ ಅಣ್ಣನ ಗಾಡಿಯನ್ನು ಹೊಸಬನೊಬ್ಬ ತೊಳೆಯುತ್ತಿದ್ದ. ಅದನ್ನು ನೋಡಿದ ಮೇಲೆ ಉಚಿತ ಸರ್ವಿಸಿನ ಮಾತು ಬಾಯಿಗೆ ಬರಲಿಲ್ಲ. ಓನರನ್ನು ಹೊರಗೆ ಕರೆದು, ಅಂಗಡಿಯಲ್ಲಿ ಮಿಕ್ಕಿದ್ದ ಬೀಗದ ಕೈಯೊಂದನ್ನು ಅವರ ಅಂಗೈಯಲ್ಲಿಟ್ಟು, ಯಾವ ಬಾಕ್ಸ್ ಬೇಕಾದರೂ ತೆಗೆಯಿರಿ ಎಂದೆ. ಒಂದು ತೆಗೆದರು. ಎರಡು ತೆಗೆದರು. ಮೂರನೆಯದಕ್ಕೆ ನನ್ನ ಮುಖ ನೋಡಿದರು. ಅಂದು ಎಲ್ಲ ಗಾಡಿಗಳೂ ಶೆಡ್ಡಿನಲ್ಲೇ ಇದ್ದವು. ಐದನೆಯದು ಆ ಪಕ್ಕದ ಡ್ರೈವರನ ಗಾಡಿ, ಅದರ ಬಲಬದಿಯ ಬಾಕ್ಸಿನಲ್ಲಿ ಎರಡು ಗೋಣಿಚೀಲಗಳಿದ್ದವು. ಒಂದರ ಮಧ್ಯದಲ್ಲಿ, ಒದ್ದೆ ಬೆಲ್ಟುಗಳ ಒಳಗೆ, ಮೇಷ್ಟರಮ್ಮನ ಬಟ್ಟೆಯ ಚೀಲ ಇತ್ತು.

ಆಗಿದ್ದು ಇಷ್ಟೇ. ಗಾಡಿಗಳನ್ನು ಪಕ್ಕೆಗೆ ಪಕ್ಕೆ ಹತ್ತಿರವಾಗಿ ನಿಲ್ಲಿಸುತ್ತಾರೆ. ಎರಡರ ಬಾಕ್ಸುಗಳು ಎದುರುಬದುರಾಗಿ, ನಡುವೆ ಒಬ್ಬ ಹೋಗುವಷ್ಟು ಸಂದಿ. ಆ ಬೆಳಗಿನ ಜಾವ ಪಕ್ಕದ ಗಾಡಿಯವನು ನಿದ್ದೆಗಣ್ಣಿನಲ್ಲಿ ಸಂದಿಯೊಳಗೆ ಹೋಗಿ, ತನ್ನ ಬಾಕ್ಸಿಗೆ ಬೆನ್ನು ಹಾಕಿ, ಅಣ್ಣನ ಬಾಕ್ಸಿಗೆ ತನ್ನ ಬೀಗದ ಕೈ ಹಾಕಿದ್ದಾನೆ. ಬೀಗ ತೆರೆಯಿತು, ಹಾಗಾಗಿ ಅದು ತನ್ನದೇ. ಗೋಣಿಯನ್ನು ಎತ್ತಿ ಹಿಂದಕ್ಕೆ ಎಸೆದುಕೊಂಡು, ಬಾಕ್ಸಿಗೆ ಮತ್ತೆ ಬೀಗ ಹಾಕಿ ಕೆಲಸಕ್ಕೆ ಹೋಗಿ, ಮೇಲಿದ್ದ ಎರಡು ಬೆಲ್ಟು ಎಳೆದು ಬಳಸಿ, ವಾಪಸ್ ಬಂದು ತನ್ನ ಬಾಕ್ಸಿಗೆ ಹಾಕಿದ್ದಾನೆ. ಒಂದಿದ್ದ ಗೋಣಿ ಎರಡಾಗಿದ್ದನ್ನು ನೋಡಿ ಓನರ್ ಹೊಸ ಬೆಲ್ಟು ಕೊಡಿಸಿದ್ದಾರೆ ಎಂದುಕೊಂಡನಂತೆ.

ಓನರ್ ನನ್ನ ಮೇಲೆ ರೇಗಾಡಲಿಲ್ಲ. ಇನ್ನು ಮುಂದೆ ಬೀಗದ ಕೆಲಸಕ್ಕೆ ಬೇರೆಯವರನ್ನು ಕರೆಯುತ್ತೇನೆ ಎಂದರು. ಆಮೇಲೆ, ನಮ್ಮ ಡ್ರೈವರಿಗೆ ಹೋಗಿ ನೀವೇ ಹೇಳಿ, ನಾಳೆಯಿಂದ ಬರಲಿ ಎಂದರು.

ಓಕಳಿಪುರದಲ್ಲಿ ರೈಲು ಹಳಿಯ ಹಿಂದಿನ ಸಾಲಿನಲ್ಲಿ ಅಣ್ಣನ ಮನೆ. ನಾನು ಹೋದಾಗ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಒಳಗೆ ಅವರ ಹೆಂಡತಿ ಒಲೆಯ ಮುಂದಿದ್ದರು. ನಾನು ಎಲ್ಲವನ್ನೂ ಹೇಳಿದೆ, ನಂಬರಿನಿಂದ ಹಿಡಿದು ಗೋಣಿಯವರೆಗೆ. ತಪ್ಪಾಯಿತು ಎಂದೂ ಹೇಳಿದೆ. ಅಣ್ಣ ಅಕ್ಕಿಯಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಬೈದಿದ್ದರೆ ಸಲೀಸಾಗುತ್ತಿತ್ತು.

"ನೀವು ಬೀಗದವರು," ಎಂದರು. "ಆಗಲ್ಲ ಅಂತ ನೀವು ಅಂದ್ಮೇಲೆ ನಾನೂ ಆಗಲ್ಲ ಅಂತಾನೇ ನಂಬ್ಕೊಂಡೆ. ಜೇಬಲ್ಲಿದ್ದ ಕೈ ನಂದು. ರಾತ್ರಿ ಅಂಗಿ ತೂಗುಹಾಕೋದು ಮನೇಲಿ. ಮನೇಲಿರೋದು ಇಬ್ರೇ."

ಆಮೇಲೆ ತಗ್ಗಿದ ದನಿಯಲ್ಲಿ ಉಳಿದದ್ದನ್ನು ಹೇಳಿದರು. ಹೆಂಡತಿಯನ್ನು ಕೇಳಿಬಿಟ್ಟಿದ್ದರು, ನೀನೇನಾದರೂ ಆ ಕೈ ತೆಗೆದುಕೊಂಡೆಯಾ ಎಂದು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅಂಥ ಮಾತು ಅದೇ ಮೊದಲು. ಅಂದಿನಿಂದ ಆಕೆ ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಾರೆ, ಮಾತಾಡುವುದಿಲ್ಲ. ಒಳಗೆ ಹೋಗಿ ಅವಳಿಗೂ ಒಂದು ಮಾತು ಹೇಳಿ ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೆ ಎಲ್ಲವನ್ನೂ ಹೇಳಿದೆ. ಆಕೆ ಒಲೆ ಸಣ್ಣಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಕೊನೆಯವರೆಗೂ ಕೇಳಿದರು.

"ನಿಮಗೆ ಇದು ಯಾವತ್ತು ಗೊತ್ತಾಯ್ತು?" ಎಂದರು.

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಶನಿವಾರ ಎಂದೆ.

ಆಕೆ ತಲೆಯಾಡಿಸಿದರು. "ಇವರು ನನ್ನ ಕೇಳಿದ್ದು ಭಾನುವಾರ," ಎಂದು ಹೇಳಿ, ಒಲೆಯ ಕಡೆ ತಿರುಗಿದರು.