ಶೀತ ಎಂಬ ಒಂದೇ ಶಬ್ದ

ನನ್ನ ಗಂಡನಿಗೆ ಹೊಟ್ಟೆಯಿಂದ ಮೇಲೆ ಏನೇ ಆದರೂ ಅದರ ಹೆಸರು ಶೀತ. ಮೂಗು ಸುರಿದರೆ ಶೀತ, ಕೆಮ್ಮಿದರೆ ಶೀತ, ನಾಲ್ಕು ಮೆಟ್ಟಿಲು ಹತ್ತಿ ಕಂಬ ಹಿಡಿದು ಉಸಿರಿಗೆ ಒದ್ದಾಡಿದರೂ ಶೀತ. ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಉಬ್ಬಸ, ಏದುಸಿರು, ಗೂರಲು ಎಂದು ಬೇಕಾದಷ್ಟು ಶಬ್ದ ಗೊತ್ತು. ಬೆಳುವಾಯಿಯ ನಮ್ಮ ಮನೆಯಲ್ಲಿ ಅವಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಅಲ್ಲಿ ಮಾತು ತುಳು, ಕಾಯಿಲೆ ಶೀತ, ಔಷಧ ಕಾಳುಮೆಣಸಿನ ಕಷಾಯ.

ಅವರು ಮೂಡುಬಿದಿರೆ ದಾರಿಯಾಗಿ ಬಿ.ಸಿ.ರೋಡಿಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಒಂದು ವಿಸಿಲ್ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಹಿಂದಿನ ಬಾಗಿಲಿನಿಂದ “ರೈಟ್ ಪೋಯಿ”, ಅಂದರೆ ಹೊರಡೋಣ, ಎಂದು ಕೂಗಿದ್ದು ತುಂಬಿದ ಬಸ್ಸಿನ ಆ ತುದಿಗೆ ಕೇಳಬೇಕು. ಉಸಿರೇ ಅವರ ಹೊಟ್ಟೆಪಾಡು. ಅಂಥವರು ವಿಸಿಲ್ ಬಿಟ್ಟು ತಗಡಿಗೆ ಕೈಯಿಂದ ಬಡಿಯತೊಡಗಿದ ಮೇಲೆ, ಜಗಳವಾಡಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಬಿ.ಸಿ.ರೋಡಿನ ಆ ಡಾಕ್ಟರಮ್ಮ ವಿಜಯಪುರದ ಕಡೆಯವರು. ಇವರು “ನಾನೇನು ಮಗುವಾ?” ಎಂದು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬರೇ ಒಳಗೆ ಹೋದರು. ಬೇಗನೆ ಹೊರಬಂದರು. ಕೈಯಲ್ಲಿ ಜ್ವರದ ಮಾತ್ರೆ, ಶೀತದ ಮಾತ್ರೆ. ಮುಖ ಕೆಂಪಾಗಿತ್ತು.

“ನನ್ನನ್ನು ನೋಡಿದರೆ ದಮ್ ಎಳೆಯುವವನ ಹಾಗೆ ಕಾಣ್ತದಾ?” ಎಂದು ಕೇಳಿದರು.

“ಯಾರು ಹಾಗೆ ಹೇಳಿದ್ದು?”

“ಡಾಕ್ಟ್ರು. ದಮ್ಮ ಹತ್ತತೈತೇನ್ರಿ ಅಂತ ಕೇಳಿದ್ರು. ನಮ್ಮ ಕುಟುಂಬದಲ್ಲೇ ಯಾರಿಗೂ ಅದು ಇಲ್ಲ ಅಂತ ಹೇಳಿದೆ.”

ಡಾಕ್ಟರು ಕೇಳಿದ್ದು ಉಸಿರು ಕಟ್ಟುತ್ತದೆಯೇ ಎಂದು. ಇವರಿಗೆ ಕೇಳಿಸಿದ್ದು ಬೀಡಿ. ಮತ್ತೇನು ಹೇಳಿದಿರಿ ಎಂದೆ. ಬಚ್ಚುತ್ತದೆ ಎಂದರಂತೆ. ನಮ್ಮಲ್ಲಿ ಬಚ್ಚುವುದು ಎಂದರೆ ದಣಿಯುವುದು. ಡಾಕ್ಟರು ಮೈ ಬೆಚ್ಚಗಾಗುತ್ತದೆ ಎಂದುಕೊಂಡು ಕಂಕುಳಿಗೆ ಥರ್ಮಾಮೀಟರ್ ಇಟ್ಟಿದ್ದಾರೆ. ಇಬ್ಬರೂ ಕನ್ನಡದಲ್ಲೇ ಮಾತಾಡಿದ್ದರು. ಬೇರೆ ಯಾರ ಗಂಡನಿಗಾದರೂ ಹೀಗಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಸಿಟ್ಟಿಗೆ ಅಳು ಬಂತು.

ಮರುವಾರ ನಾನೂ ಒಳಗೆ ನುಗ್ಗಿದೆ. “ಇವರಿಗೆ ಏದುಸಿರು ಬರ್ತದೆ ಡಾಕ್ಟ್ರೆ. ಎದೆಯಲ್ಲಿ ಕುಂಯ್ ಅಂತ ಶಬ್ದ ಉಂಟು. ಜ್ವರ ಇಲ್ಲ, ಬೀಡಿಯ ಮಾತೂ ಇಲ್ಲ,” ಎಂದು ಒಂದೇ ಉಸಿರಿಗೆ ಹೇಳಿದೆ.

ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ವೀಝಿಂಗ್ ಐತ್ರಿ. ಇದು ಅಸ್ತಮಾ. ಈ ಇನ್‌ಹೇಲರ್ ಪಂಪ್ ದಿನಾ ತಗೋಬೇಕು, ದಮ್ಮ ಹತ್ತಿದಾಗೂ ಇದನ್ನ ಎಳೀಬೇಕು. ಆರಾಮ ಅನಿಸಿತು ಅಂತ ಬಿಡಬ್ಯಾಡ್ರಿ.”

ಹೊರಗೆ ಬಂದ ಮೇಲೆ ಇವರು ತಲೆಯಾಡಿಸಿ, “ಹಾಗಾದರೆ ಶೀತ ಎದೆಗೆ ಇಳಿದದ್ದು,” ಎಂದರು.

ಪಂಪು ಕೆಲಸ ಮಾಡಿತು. ಬಸ್ಸು ತಿರುವಿನಲ್ಲಿರುವಾಗಲೇ ಇವರ ವಿಸಿಲ್ ಸ್ಟಾಪಿನಲ್ಲಿದ್ದ ನಮಗೆ ಕೇಳತೊಡಗಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಶೀತ ಎಂಬ ಶಬ್ದವನ್ನೂ ಕ್ಷಮಿಸಿಬಿಟ್ಟಿದ್ದೆ. ಅಷ್ಟರಲ್ಲಿ ಬೆಳ್ತಂಗಡಿಯಿಂದ ಇವರ ಅಕ್ಕನ ಫೋನು ಬಂತು. ಪಂಪು ಒಮ್ಮೆ ಹಿಡಿದರೆ ಮತ್ತೆ ಬಿಡಲಿಕ್ಕೆ ಆಗುವುದಿಲ್ಲವಂತೆ, ಚಟವಾಗುತ್ತದಂತೆ. ಕೆಲವು ದಿನ ಕಳೆದು ಗುಡಿಸುವಾಗ ನೋಡುತ್ತೇನೆ, ಪಂಪು ದೇವರ ಫೋಟೊದ ಹಿಂದೆ ಧೂಳು ತಿನ್ನುತ್ತಿದೆ.

“ಶೀತ ಗುಣ ಆಯ್ತಲ್ಲ, ಇನ್ನೆಂತಕ್ಕೆ ಅದು?” ಎಂದರು.

ಇಡೀ ತೊಂದರೆ ಇರುವುದು ಆ ಶಬ್ದದಲ್ಲೇ ಎಂದು ನನಗೆ ಆಗ ಹೊಳೆಯಿತು. ಶೀತ ಬರುತ್ತದೆ, ಹೋಗುತ್ತದೆ, ಹೋದ ಮೇಲೆ ಯಾರೂ ಔಷಧ ತೆಗೆದುಕೊಳ್ಳುವುದಿಲ್ಲ. ಅಸ್ತಮಾ ಹೋಗುವುದಿಲ್ಲ, ಅದನ್ನು ಹಿಡಿದಿಟ್ಟುಕೊಳ್ಳಬೇಕು. ಇದನ್ನು ಬಾಯಿ ನೋಯುವಷ್ಟು ಹೇಳಿದೆ. ಇಡೀ ತರಗತಿಗೆ ವ್ಯಾಕರಣ ಕಲಿಸಿದ್ದೇನೆ, ಒಬ್ಬ ಗಂಡನಿಗೆ ಒಂದು ನಾಮಪದ ಕಲಿಸಲು ನನ್ನಿಂದ ಆಗಲಿಲ್ಲ. ಕೊನೆಗೆ ಪಂಪನ್ನು ಒರೆಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಕಳೆದ ವಾರ ಶಾಲೆಗೆಂದು ಇವರದೇ ಬಸ್ಸು ಹತ್ತಿದ್ದೆ. ಮೂಡುಬಿದಿರೆ ಪೇಟೆಗಿಂತ ಮೊದಲಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿಯನ್ನು ತೆಂಗಿನಕಾಯಿಯ ಗೋಣಿಯ ಸಮೇತ ಹತ್ತಿಸಿಕೊಂಡರು. ಒಂದು ವಿಸಿಲ್ ಕೇಳಿತು. ಎರಡನೆಯದು ಬರಲಿಲ್ಲ. ಒಂದೇ ವಿಸಿಲ್ ಎಂದರೆ ನಿಲ್ಲು. ಡ್ರೈವರ್ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡೆಯತೊಡಗಿತು. ತಿರುಗಿ ನೋಡಿದೆ. ಇವರು ಬಾಗಿಲಿನ ಸರಳು ಹಿಡಿದು, ವಿಸಿಲನ್ನು ತುಟಿಯಲ್ಲೇ ಇಟ್ಟುಕೊಂಡು ಹೆಗಲು ಏರಿಸಿ ಇಳಿಸಿ ಒದ್ದಾಡುತ್ತಿದ್ದರು.

“ಎಂತ ಆಯ್ತು ಮಾರಾಯ?” ಎಂದು ಡ್ರೈವರ್ ಕೂಗಿದ. ಇವರಿಗೆ ಶೀತ ಎನ್ನುವುದಕ್ಕೂ ಉಸಿರಿರಲಿಲ್ಲ.

ಗೋಣಿ ದಾಟಿ, ಜನರನ್ನು ತಳ್ಳಿಕೊಂಡು ಹೋಗಿ, ವಿಸಿಲನ್ನು ತೆಗೆದು ಅವರ ಕೈಗೆ ಕೊಟ್ಟು ಪಂಪನ್ನು ಬಾಯಿಗಿಟ್ಟೆ. ಎಳೆಯಿರಿ ಎಂದೆ, ಎಳೆದರು. ಮತ್ತೊಮ್ಮೆ ಎಳೆದರು. ಬಸ್ಸಿಗೆ ಬಸ್ಸೇ ನಮ್ಮನ್ನು ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಗಲು ಇಳಿಯಿತು, ಮುಖಕ್ಕೆ ಬಣ್ಣ ಬಂತು. ಬೆವರು ಒರೆಸಿಕೊಂಡು ಡ್ರೈವರಿನ ಕಡೆ ತಿರುಗಿ ಬಾಯಿ ತೆರೆದರು.

“ಒಂಚೂರು ಶೀತ, ಬೇರೆಂತ ಇಲ್ಲ.”

ನಾನು ಅವರ ಕೈಯಿಂದ ವಿಸಿಲ್ ಕಿತ್ತುಕೊಂಡು ಎರಡು ಸಲ ಊದಿದೆ. ಬಸ್ಸು ಹೊರಟಿತು.