ಎರಡು ಮಿಷನ್ನುಗಳ ನಡುವಿನ ಸೂಜಿ ಉಂಡೆ

ಟೇಪು ಮಾಸ್ತರು ಅಂತ ಅವರಿಗೆ ಹೆಸರಿಟ್ಟವಳು ನಾನೇ. ಊಟಕ್ಕೆ ಕೂತಾಗಲೂ ಅಳತೆ ಟೇಪು ಅವರ ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ. ಅವರ ಹೊಲಿಗೆ ಅಂಗಡಿಯಲ್ಲಿ ನಾನು ಕಾಜಾ ಹಾಕುವವಳು, ಗುಂಡಿ ಹೊಲಿಯುವವಳು. ಜೊತೆಗೆ, ಯಾರೂ ಕೇಳದಿದ್ದರೂ, ಎಲ್ಲದಕ್ಕೂ ಮೂಗು ತೂರಿಸುವವಳು.

ಅಂಗಡಿ ಓಣಿಯಷ್ಟು ಇಕ್ಕಟ್ಟು. ಮುಂದೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಎದುರುಬದುರಾಗಿ ಎರಡು ಮಿಷನ್ನು. ಒಂದು ಮಾಸ್ತರದು, ಇನ್ನೊಂದು ಅವರ ಹೆಂಡತಿಯದು. ಆಕೆಯನ್ನು ನಾನು ಅಕ್ಕ ಅನ್ನುತ್ತೇನೆ. ಮಿಷನ್ನುಗಳ ನಡುವೆ ಒಂದು ಸ್ಟೂಲು, ಅದರ ಮೇಲೆ ಗುಂಡುಸೂಜಿ ಚುಚ್ಚಿಡುವ ಬಟ್ಟೆಯ ಉಂಡೆ. ಮದುವೆಯಾದ ಹೊಸದರಲ್ಲಿ ಅಕ್ಕ ಚೂರುಬಟ್ಟೆ ತುಂಬಿ ಹೊಲಿದದ್ದು. ಇಬ್ಬರೂ ಅತ್ತ ನೋಡದೆಯೇ ಕೈ ಚಾಚಿ ಸೂಜಿ ಕೀಳುತ್ತಿದ್ದರು, ನೋಡದೆಯೇ ಚುಚ್ಚುತ್ತಿದ್ದರು. ಬೆರಳಿಗೆ ಚುಚ್ಚಿಕೊಂಡರೆ ಬೆರಳು ಬಾಯಿಗೆ, ಸೂಜಿ ಉಂಡೆಗೆ. ನಮ್ಮ ಕಸುಬಿನಲ್ಲಿ ಅದನ್ನು ಯಾರೂ ಗಾಯ ಅನ್ನುವುದಿಲ್ಲ.

ಮಾಸ್ತರಿಗೆ ಹರ್ನಿಯಾ ಆಯಿತು. ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಯಿತು. ಅದು ಲಿವರಿಗೆ ತಗಲುವ ಸೋಂಕು. ಎಷ್ಟೋ ವರ್ಷ ಸದ್ದಿಲ್ಲದೆ ಒಳಗೇ ಇರುತ್ತದಂತೆ. "ಹೆಂಡತಿಗೂ ಬಂದಿರಬಹುದು, ಬೇಗ ಕರ್ಕೊಂಡು ಬನ್ನಿ" ಅಂದರಂತೆ ಡಾಕ್ಟರಮ್ಮ. ಮಾಸ್ತರು ಹೂಂ ಅಂದು ಬಂದವರು ಬಾಯಿಗೆ ಬೀಗ ಹಾಕಿಕೊಂಡರು. ಎಲ್ಲಿ ತಗಲಿಸಿಕೊಂಡು ಬಂದಿರಿ ಅಂತ ಹೆಂಡತಿ ಕೇಳಿದರೆ ಏನು ಹೇಳುವುದು ಅನ್ನುವ ಭಯ.

ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದೇ ಬೇರೆ. ಮೊದಲಿನಿಂದಲೂ ಅವರಿಬ್ಬರದು ಒಂದೇ ಊಟದ ಡಬ್ಬಿ. ಮುಚ್ಚಳ ಒಬ್ಬರಿಗೆ, ಡಬ್ಬಿ ಒಬ್ಬರಿಗೆ. ಇದ್ದಕ್ಕಿದ್ದ ಹಾಗೆ ಮಾಸ್ತರು ತಮ್ಮದೇ ಹೊಸ ಡಬ್ಬಿ ತಂದರು. ಟೀ ಲೋಟಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟರು. ಮನೆಯಲ್ಲಿ ಹಾಸಿಗೆಯೂ ಬೇರೆಯಾಗಿದೆ ಅಂತ ಅಕ್ಕನ ಊದಿದ ಕಣ್ಣು ನೋಡಿ ನಾನೇ ಊಹಿಸಿಕೊಂಡೆ.

"ನಾನೇನಾದ್ರೂ ತಪ್ಪು ಮಾಡಿದ್ನೇನೆ?" ಅಂತ ಅಕ್ಕ ನನ್ನ ಹತ್ತಿರ ಕೇಳಿದಳು.

"ಅವರನ್ನೇ ಕೇಳು."

"ಕೇಳಿದ್ರೆ ಏನಿಲ್ಲ ಅಂತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಹೆಂಗಸನ್ನು ದೂರ ಇಡುವ ಗಂಡಸಿಗೆ ಮನಸ್ಸಿನಲ್ಲೇ ಬೇಕಾದಷ್ಟು ಸಹಸ್ರನಾಮ ಮಾಡಿದೆ.

ಒಂದು ದಿನ ಯಾರದೋ ಮದುವೆ ಕೋಟಿನ ಟ್ರಯಲ್. ಗಿರಾಕಿ ಕೋಟು ತೊಟ್ಟು ನಿಂತಿದ್ದ. ಮಾಸ್ತರು ಕೋಟಿನ ತೋಳಿಗೆ ಗುಂಡುಸೂಜಿ ಸಿಕ್ಕಿಸುವಾಗ ಹೆಬ್ಬೆರಳಿಗೆ ಚುಚ್ಚಿಕೊಂಡರು. ಬೆರಳು ಬಾಯಿಗೆ ಹೋಯಿತು, ಸೂಜಿ ಉಂಡೆಗೆ ಹೋಯಿತು. ಅದೇ ಹೊತ್ತಿಗೆ ಅಕ್ಕ ಈ ಕಡೆಯಿಂದ ಕೈ ಚಾಚಿ ಅದೇ ಸೂಜಿ ಕಿತ್ತಳು. ಆ ಸೂಜಿಗೆ ತಮ್ಮ ರಕ್ತ ಹತ್ತಿದೆ ಅಂತ ಮಾಸ್ತರಿಗೆ ಆಗ ಹೊಳೆಯಿತು.

"ಮುಟ್ಟಬೇಡ" ಅಂತ ಕೂಗಿ ಆಕೆಯ ಕೈಗೆ ಹೊಡೆದರು. ಉಂಡೆ ಉರುಳಿ ಗಿರಾಕಿಯ ಕಾಲ ಹತ್ತಿರ ಬಿತ್ತು.

ಅಕ್ಕ ಎದ್ದು ನಿಂತಳು. "ಇದನ್ನೂ ಮುಟ್ಟಬಾರದಾ? ನಾನೇ ಹೊಲಿದದ್ದು ಇದು. ಇನ್ನೇನು ಉಳೀತು ಹೇಳಿ, ಅದನ್ನೂ ಬಿಟ್ಟು ಹೋಗ್ತೀನಿ."

ಮಾಸ್ತರು ಸೂಜಿ ಬಿದ್ದ ನೆಲದ ಮೇಲೆಯೇ ಕೂತುಬಿಟ್ಟರು. "ಚುಚ್ಚಿತಾ? ನಿನಗೆ ಚುಚ್ಚಿತಾ ಹೇಳು" ಅಂತ ಆಕೆಯ ಬೆರಳು ಒಂದೊಂದಾಗಿ ಹಿಡಿದು ನೋಡಿದರು. ಎಲ್ಲೂ ಚುಚ್ಚಿರಲಿಲ್ಲ. ಆಮೇಲೆ ಕಾಯಿಲೆಯ ಸುದ್ದಿ ಹೊರಬಿತ್ತು. ಗಿರಾಕಿಯನ್ನು ನಾಳೆ ಬಾ ಅಂತ ನಾನೇ ಸಾಗಹಾಕಿದೆ.

ಅಕ್ಕ ಅಳುತ್ತಾಳೆ ಅಂದುಕೊಂಡಿದ್ದೆ. ಆಕೆ ಚೀಲ ತೆಗೆದುಕೊಂಡು "ಏಳ್ರಿ, ಈಗಲೇ ಹೋಗೋಣ" ಅಂದಳು. ನನ್ನನ್ನೂ ಬಿಡಲಿಲ್ಲ. "ನೀನೂ ಆ ಉಂಡೆಗೆ ಕೈ ಹಾಕ್ತೀಯ, ನಡಿ."

ಡಾಕ್ಟರಮ್ಮ ಎಲ್ಲ ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಒಂದೇ ತಟ್ಟೆಯಲ್ಲಿ ಉಂಡರೆ ಇದು ಬರುವುದಿಲ್ಲ, ಲೋಟದಿಂದ ಬರುವುದಿಲ್ಲ, ಪಕ್ಕದಲ್ಲಿ ಮಲಗಿದ ಮಾತ್ರಕ್ಕೂ ಬರುವುದಿಲ್ಲ. ರಕ್ತದಿಂದ ಬರುತ್ತದೆ, ಗಂಡಹೆಂಡತಿ ಕೂಡುವುದರಿಂದ ಬರುತ್ತದೆ. ರೇಜರ್, ಹಲ್ಲುಜ್ಜುವ ಬ್ರಷ್, ನೇಲ್ ಕಟರ್, ರಕ್ತ ಹತ್ತಿದ ಸೂಜಿ, ಇವು ಬೇರೆ ಇರಬೇಕು. ಮಾಸ್ತರಿಗೆ ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು ಅಂತಲೂ ಹೇಳಿದರು. ಮಾಸ್ತರ ತಾಯಿ ಹೊಟ್ಟೆ ಊದಿಕೊಂಡು ಸತ್ತಿದ್ದರು; ಲಿವರ್ ಕೆಟ್ಟರೆ ಹಾಗೇ ಆಗುತ್ತದಂತೆ. ಅಕ್ಕ ಗಂಡನ ಭುಜದ ಮೇಲೆ ಕೈ ಇಟ್ಟಳು.

ಅಕ್ಕನ ರಕ್ತದ ಫಲಿತಾಂಶ ಬರುವವರೆಗೆ ಮಾಸ್ತರು ಮನುಷ್ಯರಾಗಿರಲಿಲ್ಲ. ಒಂದು ಪ್ಯಾಂಟಿನ ಎರಡೂ ಕಾಲನ್ನು ಎಡಗಾಲಿಗೇ ಕತ್ತರಿಸಿದರು. ನಾನೂ ತಮಾಷೆ ಮಾಡಲಿಲ್ಲ. ಅಷ್ಟು ವರ್ಷದ ಸಂಸಾರ, ಅಷ್ಟು ವರ್ಷದ ಉಂಡೆ. ತಗಲದೆ ಇರುತ್ತದೆಯೇ?

ತಗಲಿರಲಿಲ್ಲ. ಇಬ್ಬರಿಗೂ ಇರಲಿಲ್ಲ, ನನಗೂ ಅಕ್ಕನಿಗೂ. ಅಂದೇ ಮೊದಲ ಲಸಿಕೆ ಹಾಕಿದರು. ಆರು ತಿಂಗಳಲ್ಲಿ ಒಟ್ಟು ಮೂರು ಡೋಸ್. ಅದು ಮುಗಿದು, ಮೈಗೆ ರಕ್ಷಣೆ ಬಂದಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗುವವರೆಗೆ ಕಾಂಡೋಮ್ ಬಿಡಬಾರದು ಅಂದರು ಡಾಕ್ಟರಮ್ಮ. ಊರವರ ಸೊಂಟವನ್ನೆಲ್ಲ ಅಳೆಯುವ ಮನುಷ್ಯ, ಔಷಧಿ ಅಂಗಡಿಯಲ್ಲಿ ಅದೊಂದನ್ನು ಕೇಳಲಾರದೆ ತಲೆನೋವಿನ ಮಾತ್ರೆ ಕೊಂಡು ವಾಪಸ್ ಬಂದರು. ಅಕ್ಕನೇ ಹೋಗಿ ತಂದಳು.

ಅಕ್ಕ ಎರಡು ಹೊಸ ಉಂಡೆ ಹೊಲಿದಳು, ಮಾಸ್ತರಿಗೆ ನೀಲಿ, ತನಗೆ ಹಳದಿ. ಹಳೆಯದನ್ನು ಸೂಜಿ ಸಮೇತ ಗಟ್ಟಿ ಡಬ್ಬದಲ್ಲಿ ಹಾಕಿ ಆಸ್ಪತ್ರೆಗೆ ಕೊಟ್ಟು ಬಂದಳು. ಮಾಸ್ತರು ಮಾತ್ರ ಹೊಸ ಡಬ್ಬಿ ಬಿಡಲೊಲ್ಲರು. ಡಾಕ್ಟರಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರು ಊಟದ ಹೊತ್ತಿಗೆ ಗೋಡೆ ಕಡೆ ತಿರುಗಿ ಕೂರುತ್ತಿದ್ದರು. "ಅಕಸ್ಮಾತ್" ಅನ್ನುವುದೊಂದೇ ಅವರ ಮಾತು. ಅಕ್ಕ ಬೈದಳು, ಬೇಡಿಕೊಂಡಳು, ಕೊನೆಗೆ ಸುಮ್ಮನಾದಳು.

ಕೊನೆಯ ಲಸಿಕೆಯ ನಂತರದ ಪರೀಕ್ಷೆಯೂ ಆಯಿತು. ಅಕ್ಕನಿಗೆ ರಕ್ಷಣೆ ಬಂದಿತ್ತು. ಆಸ್ಪತ್ರೆಯಿಂದ ಬಂದ ಮಾಸ್ತರು ಮೊದಲು ಮಾಡಿದ ಕೆಲಸ, ನೀಲಿ ಉಂಡೆಯನ್ನೂ ಹಳದಿ ಉಂಡೆಯನ್ನೂ ತಂದು ಸ್ಟೂಲಿನ ಮೇಲೆ ಜೊತೆಗಿಟ್ಟದ್ದು.

ಅಕ್ಕ ಹಳದಿಯನ್ನು ಎತ್ತಿಕೊಂಡು ತನ್ನ ಮಿಷನ್ನಿನ ಹತ್ತಿರ ಇಟ್ಟಳು. "ಇದು ಬೇರೆಯೇ ಇರಲಿ. ಅದಲ್ಲ ರೀ ನಾನು ಕಾಯ್ತಿದ್ದದ್ದು."

ಆಮೇಲೆ ಹಳೆಯ ಡಬ್ಬಿ ತೆರೆದು, ಮುಚ್ಚಳಕ್ಕೆ ಊಟ ಬಡಿಸಿ ಅವರ ಮುಂದೆ ತಳ್ಳಿದಳು. ಮಾಸ್ತರು ತುತ್ತು ಕೈಯಲ್ಲಿ ಹಿಡಿದುಕೊಂಡೇ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಉಣ್ಣಿ, ತಣ್ಣಗಾಗುತ್ತೆ" ಅಂದಳು ಅಕ್ಕ.

ಅವರ ಆ ಹೊಸ ಡಬ್ಬಿಯಲ್ಲಿ ಈಗ ನನ್ನ ಗುಂಡಿಗಳಿವೆ.