ಐದು ಅಂಕದ ಥ್ರೋ

ಮೇಲೂರಿನ ಮಿಡ್ಲ್ ಸ್ಕೂಲಿನ ವೆಂಕಟರವಣಪ್ಪ ಮೇಷ್ಟ್ರು ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಪಾಠ ಮಾಡುವಾಗ ಕಿಟಕಿಯಿಂದ ಬಾಗಿಲಿಗೆ, ಊಟ ಮಾಡುವಾಗ ಅಡುಗೆಮನೆಯಿಂದ ಪಡಸಾಲೆಗೆ, ತಟ್ಟೆ ಸಮೇತ. ಕೆಲಸವೂ ನೆಲೆ ನಿಂತಿರಲಿಲ್ಲ. ಆರು ವರ್ಷದಿಂದ ತಾತ್ಕಾಲಿಕ. ಇಲಾಖೆಯ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಖಾಯಂ, ಇಲ್ಲವಾದರೆ ಮನೆ. ಮೂರು ಸಲ ಡುಮ್ಕಿ ಹೊಡೆದಿದ್ದರು. ೧೯೫೮ರದೇ ಕೊನೆಯ ಅವಕಾಶವೆಂದು ಕಾಗದ ಬಂದಿತ್ತು.

ಇಂಗ್ಲಿಷ್ ಬಾರದೆ ಫೇಲಾದವರು ಬೇಕಾದಷ್ಟು ಮಂದಿ. ಇವರು ಇಂಗ್ಲಿಷ್ ಜಾಸ್ತಿಯಾಗಿ ಫೇಲಾದವರು. ಹಿಂದಿನ ವರ್ಷ ಚಿಂತಾಮಣಿಯಲ್ಲಿ ಕೂತಾಗ ಮೊದಲ ಪ್ರಶ್ನೆ: 'ಥ್ರೋ' ಎಂಬ ಕ್ರಿಯಾಪದದ ಅರ್ಥ ಬರೆದು ವಾಕ್ಯದಲ್ಲಿ ಬಳಸಿ. ಐದು ಅಂಕ. ಮೇಷ್ಟ್ರು ಮೂರು ಗಂಟೆ ಬರೆದರು. ಥ್ರೋ ಎಂದರೆ ಎಸೆಯುವುದು ಅನ್ನುವುದು ಈಚಿನ ಮಾತು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ತಿರುಚು, ತಿರುಗಿಸು. ಜರ್ಮನ್ ಭಾಷೆಯಲ್ಲಿ ಆ ಪದಕ್ಕೊಬ್ಬ ದಾಯಾದಿ ಇದ್ದಾನೆ, ಇವತ್ತಿಗೂ ತಿರುಗುತ್ತಲೇ ಇದ್ದಾನೆ. ಕುಂಬಾರ ತಿಗರಿಯ ಮೇಲೆ ಮಡಕೆ ಎತ್ತಿದರೂ, ರೇಷ್ಮೆಗೆ ಹುರಿ ಹಾಕಿದರೂ ಇಂಗ್ಲಿಷರು ಥ್ರೋ ಎಂದೇ ಕರೆಯುತ್ತಾರೆ. ಹೀಗೆ ಹನ್ನೊಂದು ಪುಟ. ತಿರುಚುವ ಮಾತು ಎಸೆಯುವ ಮಾತಾದದ್ದು ಹೇಗೆ ಎಂಬಲ್ಲಿ ಪೆನ್ನು ನಿಂತಿತು. ಆಗ ಗಂಟೆ ಹೊಡೆಯಿತು. ಉಳಿದ ಏಳು ಪ್ರಶ್ನೆಗಳನ್ನು ಅವರು ಓದಿಯೂ ಇರಲಿಲ್ಲ.

ಈ ಸಲದ ಪರೀಕ್ಷೆಗೆ ಎರಡು ದಿನವಿತ್ತು. ಮನೆಯಲ್ಲಿ ಹೆಂಡತಿ ಅಶ್ವತ್ಥಮ್ಮ ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚುತ್ತಿದ್ದರು. ದಿನವೂ ಚರಕ ತಿರುಗಿಸುವ ಅತ್ತೆ ಓಬಳಮ್ಮನಿಗೆ ಭುಜ ಹಿಡಿದುಕೊಂಡಿತ್ತು.

"ಹೆಂಗೂ ನಿಂಗೆ ಸುಮ್ನಿರಕ್ಕಾಗಲ್ಲ. ಬಾರಪ್ಪ, ತಿರುಗ್ಸು," ಎಂದು ಓಬಳಮ್ಮ ಮಗನಿಗೆ ಹಿಡಿ ಕೊಟ್ಟರು.

ಎಂಟು ಗೂಡಿನ ಎಳೆ ಸೇರಿ ಒಂದು ನೂಲು. ಸ್ವಲ್ಪ ಹೊತ್ತಿಗೆ ಒಂದು ಎಳೆ ಕಡಿಯಿತು. ಮೇಷ್ಟ್ರು ಚರಕ ನಿಲ್ಲಿಸಿ, ಬಗ್ಗಿ, ಕಡಿದ ತುದಿಯನ್ನು ನೀರಿನಲ್ಲಿ ಹುಡುಕತೊಡಗಿದರು.

"ನಿಲ್ಲಿಸ್ಬೇಡ್ರೀ!" ಅಶ್ವತ್ಥಮ್ಮ ಕೂಗಿದರು. "ಕಡಿದಿದ್ದು ಒಂದು. ಅದರ ಹಿಂದೆ ಹೋದ್ರೆ ಮಿಕ್ಕಿದ್ದು ಏಳೂ ಬೆಂದು ಮುದ್ದೆ ಆಗ್ತವೆ."

"ಪರೀಕ್ಷೇಲೂ ಇವ್ನು ಮಾಡಿದ್ದು ಇದೇ ಕಣಮ್ಮ," ಎಂದರು ಓಬಳಮ್ಮ.

ಮೇಷ್ಟ್ರು ಮತ್ತೆ ಚರಕ ತಿರುಗಿಸಿದರು. ಅಶ್ವತ್ಥಮ್ಮ ಹೊಸ ಗೂಡಿನ ಎಳೆಯ ತುದಿಯನ್ನು ಬೆರಳಲ್ಲಿ ಹಿಡಿದು, ಓಡುವ ನೂಲಿನತ್ತ ಚಿಮ್ಮಿದರು. ಎಸೆದ ಎಳೆ ಗಂಟಿಲ್ಲದೆ, ತಾನಾಗಿಯೇ ತಿರುಚಿಕೊಂಡು ನೂಲಿನೊಳಗೆ ಸೇರಿಹೋಯಿತು.

ಮೇಷ್ಟ್ರು ಬಾಯಿ ಬಿಟ್ಟು ನಿಂತರು. ಹನ್ನೊಂದು ಪುಟ ಸಿಕ್ಕಿಹಾಕಿಕೊಂಡಿದ್ದ ಜಾಗ ಹೆಂಡತಿಯ ಬೆರಳ ತುದಿಯಲ್ಲಿತ್ತು.

"ಅಮ್ಮಾ! ಎಸೆಯೋದೂ ತಿರುಚೋದೂ ಒಂದೇ ಕೈಯಲ್ಲಿ!"

"ತಿರುಗಿಸ್ದೆ ಕವಣೆ ಕಲ್ಲು ಹೋಗುತ್ತೇನೋ? ಹೊಲದಲ್ಲಿ ಗುಬ್ಬಿ ಓಡಿಸಿದ್ದು ಮರೆತೋಯ್ತಾ?"

"ಇದನ್ನ ಪರೀಕ್ಷೇಲಿ ಹೋಗಿ ಬರೀಬೇಡ್ರೀ," ಎಂದರು ಅಶ್ವತ್ಥಮ್ಮ, ಗಂಡನ ಮುಖ ನೋಡಿ. "ಈ ಸಲಾನೂ ಫೇಲಾದ್ರೆ ಆ ಹಿಡಿ ನಿಮಗೆ ಖಾಯಂ."

ಪರೀಕ್ಷೆ ಚಿಕ್ಕಬಳ್ಳಾಪುರದಲ್ಲಿ. ಪ್ರಶ್ನೆಪತ್ರಿಕೆ ತಯಾರಿಸಿದ ಪುಣ್ಯಾತ್ಮ ಹಳೆಯದನ್ನೇ ತಿರುವಿ ಹಾಕಿದ್ದ. ಮೊದಲ ಪ್ರಶ್ನೆ ಮತ್ತೆ ಥ್ರೋ. ಮೇಷ್ಟ್ರ ಮೊಣಕಾಲು ಕುಣಿಯತೊಡಗಿತು. ಪಕ್ಕದಲ್ಲಿ ಮಂಚೇನಹಳ್ಳಿಯ ಗಂಗುಲಪ್ಪ ಎಂಬ ಇನ್ನೊಬ್ಬ ಮೇಷ್ಟ್ರು ಪಿಸುಗುಟ್ಟಿದರು: "ಬೆಂಚು ಅಲ್ಲಾಡಿಸ್ಬೇಡಿ ಸಾರ್, ನನ್ನ ಇಂಗ್ಲಿಷ್ ಅಕ್ಷರ ಎಲ್ಲಾ ಸೊಟ್ಟಗಾಗಿ ತೆಲುಗಾಗ್ತಾ ಐತೆ!"

ಈಗ ಉತ್ತರ ಪೂರ್ತಿ ಗೊತ್ತಿತ್ತು, ಕಷ್ಟವೇ ಅದು. ವೆಂಕಟರವಣಪ್ಪ ಕಣ್ಣು ಮುಚ್ಚಿ, ಥ್ರೋ ಅಂದರೆ ಎಸೆ, ಹುಡುಗ ಚೆಂಡು ಎಸೆದ ಎಂದಷ್ಟೇ ಇಂಗ್ಲಿಷಿನಲ್ಲಿ ಗೀಚಿ, ಎರಡನೆಯ ಪ್ರಶ್ನೆಗೆ ಹಾರಿದರು. ಎಂಟೂ ಮುಗಿದಾಗ ಇನ್ನೂ ಹತ್ತು ನಿಮಿಷ ಇತ್ತು. ಮೊದಲನೆಯದಕ್ಕೆ ಮರಳಿಬಿಟ್ಟೇನೆಂಬ ಹೆದರಿಕೆಯಿಂದ ಉತ್ತರಪತ್ರಿಕೆ ಕೊಟ್ಟು, ಓಡಿದ ಹಾಗೆ ಹೊರಬಿದ್ದರು.

ಪಾಸಾಯಿತು. ಖಾಯಂ ಆದೇಶವೂ ಬಂತು. ಆದರೆ ಮೇಷ್ಟ್ರ ತಳಮಳ ಮೊದಲಿಗಿಂತ ಹೆಚ್ಚಾಯಿತು. ಕಂಡುಹಿಡಿದದ್ದು ಎಲ್ಲೂ ಬರೆದಿಲ್ಲ, ಯಾರಿಗೂ ಗೊತ್ತಿಲ್ಲ. ಹೆಡ್‌ಮಾಸ್ಟರಿಗೆ ಹೇಳಹೋದರೆ, "ಬಹಳ ಸಂತೋಷ, ಹಾಜರಿಗೆ ಸೈನ್ ಹಾಕಿ," ಎಂದರು. ಶಿಡ್ಲಘಟ್ಟದ ಬಸ್ಸಿನಲ್ಲಿ ಶುರುಮಾಡಿದರೆ, ಪಕ್ಕದವನು ತನ್ನೂರಿಗೆ ಎರಡು ಮೈಲಿ ಮುಂಚೆಯೇ ಇಳಿದ.

ಒಂದು ಸಂಜೆ ಅಶ್ವತ್ಥಮ್ಮನಿಗೆ ತಡೆಯಲಾಗಲಿಲ್ಲ. "ಅದೇನು ಹೊಟ್ಟೇಲಿಟ್ಕೊಂಡು ಸುತ್ತಾಡ್ತೀರಿ? ಹೇಳಿ, ಕೇಳ್ತೀನಿ. ಚರಕ ಮಾತ್ರ ನಿಲ್ಲಬಾರದು."

ಮೇಷ್ಟ್ರು ತಿರುಗಿಸುತ್ತ ಹೇಳಿದರು. ಬೀಸಿ ತಿರುಗಿಸುವುದಕ್ಕೆ ಇದ್ದ ಹೆಸರು, ಆ ತಿರುಗಿನ ಕೊನೆಗೆ ಕೈಯಿಂದ ಬಿಟ್ಟು ಎಸೆಯುವುದರ ಮೇಲೆ ಹೋಗಿ ಕೂತಿರಬೇಕು. ಅದಕ್ಕೆ ನೂರಾರು ವರ್ಷ ಹಿಡಿದಿರಬೇಕು. ಹೆಂಡತಿ ಎಳೆಯ ಮೇಲೆ ಎಳೆ ಚಿಮ್ಮುತ್ತ ಕೇಳಿದರು.

"ಆಮೇಲೆ?"

ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಮೇಷ್ಟ್ರು ಯೋಚಿಸಿದರು. ಆಮೇಲೆ ಏನೂ ಉಳಿದಿರಲಿಲ್ಲ.

"ಅಷ್ಟೇ ಕಣೇ."

"ಚೆನ್ನಾಗಿದೆ," ಎಂದರು ಅಶ್ವತ್ಥಮ್ಮ. "ಇಂಥದ್ದು ಇನ್ನೊಂದು ಇದ್ರೆ ಹೇಳಿ. ಅರ್ಧ ಬುಟ್ಟಿ ಗೂಡು ಹಾಗೇ ಇದೆ."